ಘಾಟು

ಫೆಬ್ರವರಿಯಲ್ಲಿ ಬ್ಯಾಡಗಿಯ ಕೋರ್ಟಿನೊಳಗೆ
ಮೊದಲು ಕೆಮ್ಮುವವರು ಪರವೂರಿನವರು.
ಹೊಸದಾಗಿ ವರ್ಗವಾಗಿ ಬಂದ ಸಾಹೇಬರು
ಕರವಸ್ತ್ರ ಮೂಗಿಗೊತ್ತಿ
"ಕಿಟಕಿ ಹಾಕಿ" ಅನ್ನುತ್ತಾರೆ.
ಕಿಟಕಿ ಹಾಕಿಯೇ ಇರುತ್ತದೆ.
ಮೆಣಸಿನಕಾಯಿಗೆ ಸಮನ್ಸು ಬೇಕಿಲ್ಲ,
ಅದು ತಾನಾಗಿ ಹಾಜರು.

ನನ್ನ ಕರಿಕೋಟಿನ ಹೆಗಲ ಮೇಲೆ
ಈ ಹಂಗಾಮಿನಲ್ಲಿ ಕೆಂಪು ಧೂಳು,
ಕೊರಳಪಟ್ಟಿ ತೊಳೆದಷ್ಟೂ ಗುಲಾಬಿ.
ಸನದು ಸಿಕ್ಕು ಹನ್ನೊಂದು ವರ್ಷ.
ಜೊತೆಗೆ ಬಂದ ಇಬ್ಬರಲ್ಲಿ
ಒಬ್ಬ ಈಗ ಪ್ಲಾಟು ಮಾರುತ್ತಾನೆ,
ಇನ್ನೊಬ್ಬ ನೋಟರಿ; ಸ್ಕೂಟರಿನ ಡಿಕ್ಕಿಯೇ ಅವನ ಆಫೀಸು.
ನಾನು ಇಲ್ಲೇ ಇದ್ದೇನೆ.
ಇದು ನಿಷ್ಠೆಯೋ, ಬೇರೆ ಏನೂ ಬಾರದ್ದಕ್ಕೋ,
ಪಾಟೀಸವಾಲು ಮಾಡುವವರಿಲ್ಲ.

ಫಕ್ಕೀರವ್ವ ಮೋಟೆಬೆನ್ನೂರ,
ತೊಟ್ಟು ಮುರಿಯುವಾಕೆ. ಕಿಲೋಕ್ಕೆ ಇಷ್ಟು ಅಂತ ಕೂಲಿ.
ಎರಡು ವರ್ಷದ ಹಿಂದೆ ಚೀಲದ ನಿಟ್ಟು ಕುಸಿದು
ಬಲಪಾದ ಜಜ್ಜಿತು.
ಅಂಗಡಿಯವರ ಕೈಫಿಯತ್ತಿನಲ್ಲಿ ಮೂರೇ ಸಾಲು:
ಈ ಅರ್ಜಿದಾರಳು ನಮ್ಮಲ್ಲಿ ಎಂದೂ ದುಡಿದಿಲ್ಲ.
ನಮಗೆ ಇವಳ ಗುರುತಿಲ್ಲ.
ಅರ್ಜಿ ಖರ್ಚುಸಹಿತ ವಜಾ ಆಗತಕ್ಕದ್ದು.

ಹಾಜರಿ ಪುಸ್ತಕ? ಇಲ್ಲ.
ಪಗಾರದ ಚೀಟಿ? ಇಲ್ಲ.
"ಪುರಾವೆ ಏನೈತಿ ನಿನ್ನ ಕಡೆ?" ಎಂದು ನಾನೇ ಕೇಳಿದ್ದೆ
ಮೊದಲ ದಿನ, ಪೆನ್ನಿನ ಟೊಪ್ಪಿಗೆ ಕಚ್ಚಿ.
ಹತ್ತೂ ಬೆರಳು ಮೇಜಿನ ಮೇಲೆ ಬಿಡಿಸಿಟ್ಟಳು.
ಉಗುರ ಸಂದಿಯಲ್ಲಿ ಕೆಂಪು; ತುದಿಯ ಚರ್ಮ
ಸುಲಿದು ಸುಲಿದು ಗೆರೆಯೇ ಅಳಿಸಿದೆ.
ವಕಾಲತ್ತಿಗೆ ಒತ್ತಿದ ಹೆಬ್ಬೆಟ್ಟು
ಬರೀ ನೀಲಿ ಕಲೆಯಾಗಿ ಬಿತ್ತು.
ಇದಕ್ಕಿಂತ ದೊಡ್ಡ ದಸ್ತಾವೇಜು ನಾನು ಕಂಡಿಲ್ಲ.
ಆದರೆ ಬೆರಳಿಗೆ ನಿಶಾನಿ ಹಚ್ಚಲು ಬರುವುದಿಲ್ಲ,
ಫೈಲಿಗೆ ಹೊಲಿಯಲು ಬರುವುದಿಲ್ಲ.

ಎಲೆಯಡಿಕೆ ಸಂಚಿಯಿಂದ ನೋಟು ತೆಗೆದು
ಎರಡು ಸಲ ಎಣಿಸುತ್ತಾಳೆ.
ಬೇಡವೆಂದರೆ ಕೇಳುವುದಿಲ್ಲ:
"ಪುಕ್ಕಟ ವಕೀಲ ಪುಕ್ಕಟ ಮಾತಾಡ್ತಾನಂತ್ರೀ."
ತೆಗೆದುಕೊಂಡೆ. ಮರೆತು ಕಣ್ಣುಜ್ಜಿದೆ.
ಎಡಗಣ್ಣು ಅರ್ಧ ತಾಸು ಸುರಿಯಿತು.
ಗುಮಾಸ್ತ ರಾಚಪ್ಪ ನೋಡಿ
"ಸಾಹೇಬ್ರ, ಮನ್ಯಾಗ ಏನರ ಆತೇನ್ರೀ?" ಅಂದ.
ಇಲ್ಲೋ, ಫೀ ಬಂತು ಅಂದೆ.

ಇವತ್ತು ಪುಕಾರು ಆಗುವ ಮೊದಲು
ಎದುರು ಪಕ್ಷದ ವಕೀಲ ಇನಾಮದಾರ ಮತ್ತು ನಾನು
ಒಂದು ಚಹಾ ಎರಡು ಮಾಡಿಕೊಂಡು
ಯಾವುದಕ್ಕೋ ನಕ್ಕೆವು.
ಆಕೆ ಬೇವಿನ ಕಟ್ಟೆಯಿಂದ ನೋಡಿದಳು.
ಕುಂಟುತ್ತ ಬಂದು, ಸಿಟ್ಟಿಲ್ಲದೆ,
"ನೀವಿಬ್ರೂ ಒಂದಽ ಚಹಾ ಹಂಚ್ಕೊಂಡು ಕುಡೀತೀರಿ.
ನಮ್ಮಿಬ್ಬರ ನಡುವ ಇಷ್ಟಽ ಹಂಚಾಕ
ಎರಡು ವರ್ಷ ಯಾಕ ಹಿಡೀತ್ರೀ?"

ಇನಾಮದಾರ ಬಸಿಯ ತಳ ನೋಡಿದ.
ವೃತ್ತಿ ಬೇರೆ, ಸ್ನೇಹ ಬೇರೆ ಎಂದು
ನನ್ನ ಸೀನಿಯರ್ ತಡಸದ ವಕೀಲರು ಕಲಿಸಿದ ಮಾತು
ನಾಲಿಗೆಯ ತುದಿಗೆ ಬಂದು
ಚಹಾದ ಜೊತೆ ಒಳಗೇ ಇಳಿಯಿತು.
ಅದನ್ನು ಕಕ್ಷಿದಾರರ ಮುಖ ನೋಡಿ ಹೇಳುವುದು ಹೇಗೆಂದು
ಅವರು ಕಲಿಸಿರಲಿಲ್ಲ.

ಹನ್ನೆರಡೂವರೆಗೆ ಹೆಸರು ಕೂಗಿದರು.
ಅವರ ಸಾಕ್ಷಿ ಬಂದಿಲ್ಲ; ಇನಾಮದಾರ ಮುದತ್ತು ಬೇಡಿದ.
ನಾನು ಏನೋ ಗಟ್ಟಿಯಾಗಿ ಹೇಳಿದೆ, ಯಾರೋ ಕೆಮ್ಮಿದರು,
ಅಷ್ಟರಲ್ಲಿ ಬರೆದಾಗಿತ್ತು: ಮಾರ್ಚಿ ಹದಿನೇಳು.
"ಸ್ವಾಮಾರ ಬ್ಯಾಡ್ರೀ," ಹಿಂದಿನಿಂದ ಪಿಸುದನಿ,
"ಮಾರ್ಕೆಟ್ಟಿನ ದಿನ. ಕೂಲಿ ಹೊಕ್ಕೈತಿ."

ಮತ್ತೆ ಎದ್ದು ನಿಂತೆ.
ಕಾನೂನಿನ ಯಾವ ಕಲಮೂ ನೆನಪಾಗಲಿಲ್ಲ.
ಸ್ವಾಮೀ, ಸೋಮವಾರ ಆಕೆ ತೊಟ್ಟು ಮುರಿಯಬೇಕು ಎಂದೆ.
ಇನಾಮದಾರ ನೆಲ ನೋಡುತ್ತಲೇ
ತಕರಾರಿಲ್ಲ ಎಂದ.
ಸಾಹೇಬರು ಕರವಸ್ತ್ರ ಇಳಿಸಿ
ಹದಿನೇಳನ್ನು ಹೊಡೆದು ಹದಿನೆಂಟು ಮಾಡಿದರು.

ಹನ್ನೊಂದು ವರ್ಷದ ವಕೀಲಿಯಲ್ಲಿ
ಇವತ್ತು ನಾನು ಗೆದ್ದದ್ದು
ಒಂದು ಮಂಗಳವಾರ.

ಫಕ್ಕೀರವ್ವ ಅದನ್ನು
ಬೆರಳ ಗಿಣ್ಣುಗಳ ಮೇಲೆ ಎಣಿಸಿಕೊಳ್ಳುತ್ತ
ಬಸ್ಸಿಗೆ ಹೊರಟಳು.